ಛೇದ ಸೊನ್ನೆಯಾದಾಗ

ನನ್ನ ಪಿಎಚ್.ಡಿ. ಗೈಡ್ ಸರ್ ಅವರ ಬಲಗೈ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ಎಂದೋ ಮುರಿದು ಕೊಕ್ಕೆಯಂತೆ ಕೂಡಿಕೊಂಡಿದ್ದ ಆ ಬೆರಳಿನ ಗೆಣ್ಣಿನಿಂದ ನನ್ನ ಹಾಳೆಗಳನ್ನು ಕುಟ್ಟುತ್ತಿದ್ದರು. ಈಗಲೂ ಯಾರಾದರೂ ಮೇಜು ಕುಟ್ಟಿದರೆ ನನಗೆ ಸಿಟ್ಟು ಬರುತ್ತದೆ.

ಅವರು ಧಾರವಾಡದ ಕಡೆಯವರು. ನಾನು ವಡಾಲದ ಚಾಳಿನಲ್ಲಿ ಬೆಳೆದವಳು. ವಿಜಯಪುರದಿಂದ ಬಂದ ಅಪ್ಪ ಗಾರೆ ಕೆಲಸ ಮಾಡುತ್ತಿದ್ದರು. ಫೋರ್ಟಿನ ನಮ್ಮ ಗಣಿತ ವಿಭಾಗದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಹಾಗಾಗಿ ಅವರು ನನ್ನನ್ನು ಎಲ್ಲರೆದುರು ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು, ಕನ್ನಡದಲ್ಲಿ ಬೈಯುತ್ತಿದ್ದರು.

ಹಿಂದೆ ಮುಂದೆ ತೂಗುವ ಚಲನೆಗಳ ಅವಕಲ ಸಮೀಕರಣಗಳಿಗೆ ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಉತ್ತರ ಹುಡುಕುವುದು ನಮ್ಮ ಕೆಲಸ. ನನ್ನ ಮೊದಲ ಗ್ರಾಫಿನಲ್ಲಿ ಲೋಲಕ ತೂಗಿದಷ್ಟೂ ಎತ್ತರಕ್ಕೇರುತ್ತಿತ್ತು.

“ಇದನ್ನ ಯಾರು ನೂಕಾಕತ್ತಾರವಾ? ಗ್ವಾಡಿ ಕಟ್ಟೂದು ಬಿಟ್ಟು ನಿಮ್ಮಪ್ಪ ಇಲ್ಲಿ ಬಂದಾನೇನು?”

ಆಮೇಲೆ ಹೇಳಿದರು: “ಉತ್ತರ ಚಂದ ಕಾಣ್ತದಂತ ನಂಬಬ್ಯಾಡ. ಶಕ್ತಿ ಇದ್ದಷ್ಟ ಉಳದೈತೇನ, ಲೆಕ್ಕಾ ಹಾಕಿ ನೋಡು.”

ಅಂದಿನಿಂದ ಪ್ರತಿ ಲೆಕ್ಕದಲ್ಲೂ ನೋಡತೊಡಗಿದೆ. ಮೂರನೇ ವರ್ಷ, ಆಂದೋಲನದ ವೇಗವನ್ನು ಸೂತ್ರದೊಳಗೇ ಸೇರಿಸಿ, ದೊಡ್ಡ ಹೆಜ್ಜೆ ಇಟ್ಟರೂ ಉತ್ತರ ಕೆಡದ ದಾರಿಯೊಂದು ನನಗೆ ಹೊಳೆಯಿತು. ನೋಟ್‌ಬುಕ್ ಸರ್ ಕೈಗೆ ಕೊಟ್ಟೆ.

“ಇನ್ನೂ ಹಸಿ ಐತಿ. ಇಟ್ಟು ಹೋಗು.”

ತಿಂಗಳುಗಳ ಮೇಲೆ, ಶಕ್ತಿಯ ಲೆಕ್ಕ ನೋಡುತ್ತಿದ್ದಾಗಲೇ ನನ್ನ ಸೂತ್ರದ ದೋಷ ಕಂಡಿತು. ಹೆಜ್ಜೆ ಸರಿಯಾಗಿ ಅರ್ಧ ಆಂದೋಲನದಷ್ಟಾದರೆ ಛೇದ ಸೊನ್ನೆಯಾಗಿ ಎಲ್ಲ ಕುಸಿಯುತ್ತಿತ್ತು. ಹೇಳಲು ಓಡಿದೆ. ಅವರ ಮೇಜಿನ ಮೇಲೆ ಹೊಸ ಜರ್ನಲ್ ತೆರೆದಿತ್ತು. ಸೂತ್ರ ನನ್ನದು, ಹೆಸರು ಅವರದೊಂದೇ. ಟೈಪಿಂಗಿಗೆ ನೆರವಾದವಳೆಂದು ಕೊನೆಯಲ್ಲಿ ನನ್ನನ್ನು ನೆನೆದಿದ್ದರು. ದೋಷದ ಮಾತೆತ್ತದೆ ಹಿಂದಿರುಗಿದೆ.

ಮುಂದಿನ ಸೆಮಿನಾರಿನಲ್ಲಿ ಸರ್ ಆ ಪೇಪರ್ ಮಂಡಿಸಿದಾಗ, ಹೊರಗಿನಿಂದ ಬಂದ ವಿದುಷಿಯೊಬ್ಬರು ಛೇದ ಸೊನ್ನೆಯಾದರೆ ಏನು ಮಾಡುತ್ತೀರೆಂದು ಕೇಳಿದರು. ಸರ್ ಬೋರ್ಡಿನ ಮೇಲೆ ಅರ್ಧ ಸಾಲು ಬರೆದು ನಿಂತರು. ಮೊದಲ ಸಾಲಿನಲ್ಲಿ ಕೂತಿದ್ದ ನನ್ನತ್ತ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದರು:

“ಏನ್ ಹೇಳೂದವಾ ಇದಕ್ಕ?”

“ನಂಗೇನ್ ಗೊತ್ರಿ ಸರ್? ಪೇಪರ್ ನಿಮ್ದಲ್ಲೇನ್ರಿ?”

ನಾವು ಸಮಾಲೋಚಿಸುತ್ತಿದ್ದೇವೆಂದು ಸಭೆ ಅಂದುಕೊಂಡಿತು. ಸರ್ ಬೋರ್ಡಿನತ್ತ ತಿರುಗಿ, ಬರೆದಿದ್ದ ಅರ್ಧ ಸಾಲನ್ನೂ ಒರೆಸಿದರು. ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ನನಗೆ ಖುಷಿಯಾಯಿತು.

“ನಿನಗ ಗೊತ್ತಿತ್ತು,” ಎಂದರು, ಹೊರಗೆ ಕಾರಿಡಾರಿನಲ್ಲಿ.

“ಹೌದ್ರಿ.”

ನನ್ನ ಪ್ರಬಂಧ ಅವರ ಸಹಿಯಿಲ್ಲದೆ ಎರಡು ವರ್ಷ ಕಪಾಟಿನಲ್ಲಿ ಕೊಳೆಯಿತು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಮಗಳು ಡಾಕ್ಟರೇಟ್ ಪಡೆದದ್ದನ್ನು ಅವರು ನೋಡಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ.

ಹೋದ ವರ್ಷ ಸರ್ ಹೋದರು. ಈಗ ಮುಲುಂಡಿನ ಕಾಲೇಜಿನಲ್ಲಿ ಪಾಠ ಮಾಡುವ ನನ್ನನ್ನೂ ಶ್ರದ್ಧಾಂಜಲಿ ಸಭೆಗೆ ಕರೆದಿದ್ದರು. “ನನ್ನ ಉತ್ತರವನ್ನೇ ನಾನು ಅನುಮಾನಿಸುವುದನ್ನು ಕಲಿಸಿದರು,” ಎಂದೆ. ಅದು ನಿಜ. ಬೇರೆ ಯಾರೂ ಅದನ್ನು ನನಗೆ ಕಲಿಸಿರಲಿಲ್ಲ.

ಇನ್ನೆರಡು ಒಳ್ಳೆಯ ಮಾತು ಸೇರಿಸಬಹುದೇ ಎಂದು ನಿರೂಪಕಿ ಕೇಳಿದಳು. ಇಲ್ಲ ಎಂದು ಹೇಳಿ ಕೂತೆ.