ತೆರೆ ಮೂಡಿದ ಕಲ್ಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದು ಹೋಗಿದ್ದೇನೆ. ವಯಸ್ಸು ಎಪ್ಪತ್ತು ದಾಟಿತು, ಇನ್ನು ಮುಂದೂಡಲಾರೆ.

ಅಕ್ಕೋರ ಬಲಗೈ ಉಗುರುಗಳು ಸದಾ ಸವೆದಿರುತ್ತಿದ್ದವು. ಕಂಡ ಕಲ್ಲನ್ನೆಲ್ಲ ಕೆರೆದು ನೋಡುವ ಚಟ. ಟಿಳಕವಾಡಿಯ ಶಾಲೆಯಲ್ಲಿ ನನ್ನ ಮಗಳಿಗೆ ಭೂಗೋಳ ಕಲಿಸುತ್ತಿದ್ದ ಅಕ್ಕೋರು ಅವರು. ನನ್ನದು ಕಲ್ಲು ಕೊಯ್ದು ಪಾಲಿಶ್ ಮಾಡುವ ಅಂಗಡಿ. ಶಾಲೆ ಬಿಟ್ಟ ಮೇಲೆ ಬಂದು, ಚೀಲದಿಂದ ಬಾಟಲಿ ತೆಗೆದು, ತಾವು ಕುಡಿಯದೆ ನನ್ನ ಕಲ್ಲುಗಳ ಮೇಲೆ ನೀರು ಸುರಿಯುತ್ತಿದ್ದರು. "ಮಾರಿ ತೊಳದರನ ಖರೇ ಬಣ್ಣ ಕಾಣತೈತ್ರಿ" ಎಂದು ನಗುತ್ತಿದ್ದರು.

ಖಾನಾಪುರದ ಕಡೆ ಒಂದು ದಿಬ್ಬದ ಕಲ್ಲು ತೆಗೆಯುವ ಗುತ್ತಿಗೆ ನನಗೆ ಸಿಕ್ಕಿತು. ಸುದ್ದಿ ತಿಳಿದ ಅಕ್ಕೋರು ನನ್ನನ್ನು ಅಲ್ಲಿಗೆ ಕರೆದೊಯ್ದು ಒಂದು ಹಾಸುಗಲ್ಲಿನ ಮೇಲೆ ನೀರು ಸುರಿದರು. ಹಳ್ಳದ ಮರಳಿನಲ್ಲಿ ಕಾಣುವಂಥ ಸಣ್ಣ ತೆರೆಗಳು, ಸಾಲು ಸಾಲಾಗಿ, ಕಲ್ಲಿನಲ್ಲೇ ಎದ್ದು ಕಂಡವು.

"ಮನಷ್ಯಾ ಹುಟ್ಟೂಕಿಂತ ಎಷ್ಟೋ ಮೊದಲ ಇಲ್ಲಿ ನೀರು ಹರದಾಡೇತ್ರಿ. ಉಸುಕು ಕಲ್ಲಾದರೂ ತೆರಿ ಹಂಗ ಉಳದಾವು. ನಮ್ಮ ನೆಲದ ಕಥಿ ಹೇಳಾಕ ಇದ ಸಾಕ್ಷಿ. ಇದೊಂದು ಇದ್ದಲ್ಲೇ ಬಿಡ್ರಿ, ಹುಡುಗೂರ್ನ ಕರಕೊಂಡು ಬರತೀನಿ."

"ಬಿಟ್ಟೆ ತಗೋರಿ" ಎಂದೆ.

ಬಿಡಲಿಲ್ಲ. ಅಷ್ಟು ಮೆಚ್ಚಿದ ಕಲ್ಲು ಬಿಸಿಲಲ್ಲಿ ಯಾಕೆ ಬಿದ್ದಿರಬೇಕು, ಅವರ ಶಾಲೆಗೇ ಕೊಟ್ಟರಾಯಿತು ಎಂದುಕೊಂಡು, ಅವರನ್ನು ಕೇಳದೆ ಎಬ್ಬಿಸಿದೆ. ನಮ್ಮ ಕಸುಬಿನಲ್ಲಿ ಕಲ್ಲಿಗೆ ಮರ್ಯಾದೆ ಎಂದರೆ ಹೊಳಪು. ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿ, ಶಾಲೆಯ ಅಂಗಳದಲ್ಲಿ ಬೆಂಚು ಮಾಡಿ ಕೂರಿಸಿದೆ. ಮೇಲೆ ಹೂ ಹಾಕಿ ಅಕ್ಕೋರನ್ನು ಕರೆದೆ.

ಅವರು ಅಂಗೈ ಆಡಿಸಿದರು. ಮತ್ತೊಮ್ಮೆ ಆಡಿಸಿದರು.

"ತೆರಿ ಎಲ್ಲಿ ಹೋದುವ್ರಿ?"

ಏನು ಮಾಡಿದೆನೆಂದು ಆಗ ತಿಳಿಯಿತು. ಆದರೂ ಎಲ್ಲರೆದುರು ಒಪ್ಪಿಕೊಳ್ಳಲಾರದೆ ನಕ್ಕೆ: "ಅಕ್ಕೋರ, ಆ ಖರಬರಿ ಉಬ್ಬು ತಗಿಯಾಕ ನಮ್ಮ ಮಷಿನ್ನ ಸೋತು ಸುಣ್ಣ ಆತು! ಹಂಗ ಬಿಟ್ಟಿದ್ದರ ನಿಮ್ಮ ಸೀರಿ ಹರೀತಿತ್ತು." ಸುತ್ತಲಿದ್ದ ಮಾಸ್ತರರೂ ನಕ್ಕರು.

ಅಕ್ಕೋರು ನಗಲಿಲ್ಲ. ನನ್ನ ಮಾನ ಕಾಯಲೆಂದೋ ಏನೋ, ತುಸು ಹೊತ್ತು ಆ ಬೆಂಚಿನ ಮೇಲೆ ಕುಳಿತರು. "ಭಾಳ ತ್ರಾಸ ತಗೊಂಡೀರಿ" ಎಂದಷ್ಟೇ ಹೇಳಿ ಎದ್ದರು. ನನ್ನ ಅಂಗಡಿಗೆ ಮತ್ತೆ ಬರಲಿಲ್ಲ.

ಆದರೂ ಆ ವರ್ಷ ಅವರು ಮಕ್ಕಳನ್ನು ದಿಬ್ಬಕ್ಕೆ ಕರೆದೊಯ್ದು, ಕಲ್ಲು ಎಬ್ಬಿಸಿದ ಗುಂಡಿ ತೋರಿಸಿದರಂತೆ. ಮಗಳು ಬಂದು ಹೇಳಿದಳು: "ಕಲ್ಲು ಯಾರು ಒಯ್ದಾರ್ರಿ ಅಂತ ಎಷ್ಟ ಕೇಳಿದ್ರೂ ಅಕ್ಕೋರು ಹೇಳಲೇ ಇಲ್ಲಪ್ಪಾ." ಅಂಗಳದ ಬೆಂಚೇ ಆ ಕಲ್ಲೆಂದು ನಾನೂ ಹೇಳಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಶಾಲೆಗೆ ಹೋಗಿ ಆ ಬೆಂಚಿನ ಮೇಲೆ ಒಂದು ಬಾಟಲಿ ನೀರು ಸುರಿದೆ. ಎಲ್ಲೂ ನಿಲ್ಲದೆ ಜಾರಿ ಹೋಯಿತು. ತಪ್ಪಾಯಿತೆಂಬ ಒಂದು ಮಾತನ್ನು ನಾನು ಹೇಳದೆ ಉಳಿದದ್ದು ಅವರಿಗೇ, ನನ್ನ ಮಗಳಿಗೆ ಭೂಗೋಳ ಕಲಿಸಿದ ಆ ಅಕ್ಕೋರಿಗೆ.