ವರ್ಷಕ್ಕೊಂದು ಬಣ್ಣದ ಗೋಡೆ

ಬೀದಿಯ ಮಕ್ಕಳ ಬಾಯಲ್ಲಿ ಅವನು ಸುಣ್ಣದ ಮಾಮ. ಮನೆಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಎಷ್ಟು ತಿಕ್ಕಿ ತೊಳೆದರೂ ಕಿವಿಯ ಹಿಂದೆ ಒಂದು ಚುಕ್ಕೆ ಉಳಿದೇ ಇರುತ್ತಿತ್ತು. "ತೇವದ ಮೇಲೆ ಬಣ್ಣ ಹೊಡೆದ್ರೆ ನೀರಲ್ಲಿ ಹೋಮ ಮಾಡಿದ ಹಾಗೆ. ಮೊದಲು ಪೈಪ್ ಸರಿ ಮಾಡಿಸಿ" ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುತ್ತಿದ್ದ. ಸ್ವಂತ ಮನೆಗೆ ಬಂದಾಗ ಮಾತ್ರ ಆ ಬುದ್ಧಿ ಚಪ್ಪಲಿಯ ಜೊತೆ ಬಾಗಿಲಾಚೆಯೇ ಉಳಿಯುತ್ತಿತ್ತು.

ಅವನ ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದರೊಳಗಿನ ನೀರಿನ ಪೈಪ್ ಜಿನುಗಿ ಪ್ರತಿ ವರ್ಷ ತೇವ ಮೂಡುತ್ತಿತ್ತು. ಸರಿ ಮಾಡಬೇಕಾದರೆ ಬಚ್ಚಲನ್ನೇ ಒಡೆಯಬೇಕು. ಮುಂದಿನ ವರ್ಷ ನೋಡಿದರಾಯಿತು ಎಂದು ತಳ್ಳುತ್ತಾ ಬಂದ. ಹೆಂಡತಿ ವರ್ಷಕ್ಕೊಮ್ಮೆ ಅಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ಕಲೆ ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಮುಗಿಸಿರುತ್ತಿದ್ದ. ಅವಳು ಬಂದವಳೇ ಚೀಲ ಇಳಿಸುವುದನ್ನೂ ಮರೆತು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನನಗೋಸ್ಕರ ಮಾಡಿದ್ದು ಅಂತ ಬಾಯಿಬಿಟ್ಟು ಹೇಳೋದೂ ಇಲ್ಲ ಕಣಕ್ಕಾ" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಕೇಳಿಸಿಕೊಂಡವನಿಗೆ ನಿಜ ನಾಲಿಗೆಯ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ ಹೇಳಿ.

ಒಂದು ಬೆಳಿಗ್ಗೆ ಆ ಪೈಪ್ ಒಡೆದೇಹೋಯಿತು. ಹಾಸಿಗೆ ತೊಯ್ದು ತೊಪ್ಪೆಯಾಯಿತು, ಬೀರುವಿನ ಮರ ಉಬ್ಬಿತು, ಗೋಡೆಯ ಗಾರೆ ಚಕ್ಕೆಚಕ್ಕೆಯಾಗಿ ಉದುರಿತು. "ನಾನು ಮನೆಗೆ ಇನ್ಶೂರೆನ್ಸ್ ಮಾಡಿಸಿದಾಗ ನಕ್ಕಿದ್ರಲ್ಲ" ಎನ್ನುತ್ತಾ ಹೆಂಡತಿ ಕಂಪನಿಗೆ ಫೋನ್ ಮಾಡಿದಳು.

ಮರುದಿನ ನಷ್ಟ ನೋಡಲು ಸರ್ವೇಯರ್ ಬಂದ. ಟಾರ್ಚ್ ಬಿಟ್ಟು ಪೈಪ್ ನೋಡಿದ. "ಪೈಪ್ ಇದ್ದಕ್ಕಿದ್ದ ಹಾಗೆ ಒಡೆದು ನೀರು ನುಗ್ಗಿದ್ರೆ ನಿಮ್ಮ ಪಾಲಿಸಿಯಲ್ಲಿ ಪರಿಹಾರ ಇದೆ ಅಮ್ಮ. ವರ್ಷಗಟ್ಟಲೆ ಜಿನುಗಿ ಹಾಳಾಗಿದ್ದಕ್ಕೆ ಇಲ್ಲ. ಅದನ್ನ ಮನೆಯವರೇ ನೋಡ್ಕೋಬೇಕು" ಎಂದ. ಹಾಗೆನ್ನುತ್ತಲೇ ಬಿದ್ದಿದ್ದ ಒಂದು ಚಕ್ಕೆಯನ್ನು ಎತ್ತಿ ಅಂಚು ತಿರುಗಿಸಿದ. ಗುಲಾಬಿ, ಹಸಿರು, ಹಳದಿ, ತಿಳಿನೀಲಿ, ಒಂದರ ಮೇಲೊಂದು ಪದರ. "ಈ ಗೋಡೆಗೆ ಮಾತ್ರ ಯಾಕೆ ಇಷ್ಟು ಸಲ ಬಣ್ಣ?"

ಹೆಂಡತಿಯ ಮುಖ ಅರಳಿತು. "ನಮ್ಮನೆಯವರು ಪ್ರತಿ ವರ್ಷ ನನಗೋಸ್ಕರ ಹೊಡೀತಾರೆ ಸಾರ್."

"ಹೌದಾ ಯಜಮಾನ್ರೇ? ಇಲ್ಲಿ ಮೊದಲು ತೇವ ಇರಲಿಲ್ವಾ?"

ಇರಲಿಲ್ಲ ಎಂದು ತಲೆ ಆಡಿಸಿದ್ದರೆ ಸಾಕಿತ್ತು; ಗೋಡೆಗೂ ಪರಿಹಾರ ಬರುತ್ತಿತ್ತೇನೋ, ಹೆಂಡತಿಯ ಹೆಮ್ಮೆಯೂ ಉಳಿಯುತ್ತಿತ್ತು. ಆದರೆ ತನ್ನ ಸುಳ್ಳಿಗೆ ಏನೂ ಅರಿಯದ ಅವಳನ್ನು ಸಾಕ್ಷಿ ನಿಲ್ಲಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಇತ್ತು ಸಾರ್. ಅದನ್ನ ಮುಚ್ಚೋಕೇ ಬಣ್ಣ ಹೊಡೀತಿದ್ದೆ."

ಸರ್ವೇಯರ್ ಚಕ್ಕೆಯನ್ನು ಕೆಳಗಿಟ್ಟ. "ಹಾಸಿಗೆ, ಬೀರು ನಿನ್ನೆಯ ನೀರಿಂದ ಹಾಳಾದದ್ದು, ಅದನ್ನ ವರದಿಯಲ್ಲಿ ಬರೀತೀನಿ. ಗೋಡೆಗೆ ಸಿಗೋದು ಕಷ್ಟ" ಎಂದು ಹೇಳಿ ಹೊರಟ.

ಹೆಂಡತಿ ಚಕ್ಕೆಗಳನ್ನು ಗುಡಿಸತೊಡಗಿದಳು. ಅವನು ಪೊರಕೆಗೆ ಕೈ ಚಾಚಿದ, ಅವಳು ಕೊಡಲಿಲ್ಲ. "ಅಕ್ಕನ ಹತ್ರ ಎಷ್ಟು ಕೊಚ್ಚಿಕೊಂಡಿದ್ದೆ" ಎಂದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಅವಳು ಒಂದು ಚಕ್ಕೆ ಎತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು. "ಕಲೆ ಮುಚ್ಚೋಕೆ ಕೆಲಸದಲ್ಲಿ ಉಳಿದಿದ್ದ ಬಿಳಿ ಬಣ್ಣ ಸಾಕಿತ್ತಲ್ವಾ?"

"ಸಾಕಿತ್ತು."

"ಮತ್ತೆ ಈ ಗುಲಾಬಿ, ಈ ಹಸಿರು?"

"ನೀನು ಬಂದು ಬಾಗಿಲಲ್ಲಿ ನಿಂತು ನೋಡ್ತಿದ್ದೆಯಲ್ಲ, ಅದಕ್ಕೇ" ಎಂದ.

ಅವಳು ಆ ಚಕ್ಕೆಯನ್ನು ಕಸಕ್ಕೆ ಹಾಕದೆ ಕಿಟಕಿಯ ಮೇಲಿಟ್ಟಳು.

"ಮೊದಲು ಪ್ಲಂಬರ್‌ನ ಕರೀರಿ" ಎಂದಳು ಸೆರಗಿನಿಂದ ಕಣ್ಣೊರೆಸಿಕೊಂಡು. "ಬಣ್ಣ ಆಮೇಲೆ. ಈ ಸಲ ನಾನು ಅಕ್ಕನ ಮನೆಗೆ ಹೋಗಲ್ಲ. ನೀವು ಹೊಡೀಬೇಕಾದ್ರೆ ಇಲ್ಲೇ ನಿಂತು ನೋಡ್ತೀನಿ."