ಹಗೇವಿನ ಬಾಯಿಗೆ ಒಣ ಮಣ್ಣು

ಪ್ರಯೋಗಾಲಯಕ್ಕೆ ಜೇಡಿಮಣ್ಣಿನ ಹೊಸ ಚೀಲ ಬಂದಾಗಲೆಲ್ಲ ನಾನು ಮೊದಲು ಮಾಡುವ ಕೆಲಸ ಮೂಸಿ ನೋಡುವುದು. ಹಾಗೆ ಮಾಡಿ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಜೊತೆಯವರು ನಗುತ್ತಾರೆ. ಮೊನ್ನೆಯೂ ಒಂದು ಚಿಟಿಕೆ ಪುಡಿಗೆ ಎರಡು ಹನಿ ನೀರು ಬಿಟ್ಟು ಮೂಸಿದೆ. ನಮ್ಮೂರು ಮಟಕಿಯ ಕಪ್ಪು ಎರೆ ಹೊಲಕ್ಕೆ ಮೊದಲ ಮಳೆ ಬಿದ್ದ ವಾಸನೆ. ಅವ್ವ ನೆನಪಾದಳು. ಅವಳಿಗೆ ಇಪ್ಪತ್ತು ವರ್ಷದಿಂದ ಹೇಳದೆ ಉಳಿಸಿಕೊಂಡ ಮಾತೂ ನೆನಪಾಯಿತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಮಡಕೆ ಮಾಡುವವಳು ಅಂದುಕೊಂಡೀರಿ. ಅಣು ವಿದ್ಯುತ್ ತಯಾರಾದ ಮೇಲೆ ಉಳಿಯುವ ವಿಷದ ಕಸವನ್ನು ಲೋಹದ ಡಬ್ಬಿಯಲ್ಲಿ ತುಂಬಿ, ನೆಲದಾಳದ ಬಂಡೆಯೊಳಗೆ ಹೂಳಬೇಕೆಂಬುದು ಹಲವು ದೇಶಗಳ ಯೋಚನೆ. ಡಬ್ಬಿಗೂ ಬಂಡೆಗೂ ನಡುವೆ ಒತ್ತಿ ಗಟ್ಟಿ ಮಾಡಿದ ಒಣ ಜೇಡಿಮಣ್ಣು ಇಡುತ್ತಾರೆ. ಬಂಡೆಯಿಂದ ನೀರು ಜಿನುಗಿದರೆ ಮಣ್ಣು ಉಬ್ಬಿ ಸಂದುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಒಳಗಿನ ಕಸ ಬಿಸಿ. ಆ ಬಿಸಿಗೆ ಮಣ್ಣು ಒಣಗಿ ಬಿರಿದರೆ ಮತ್ತೆ ಕೂಡಿಕೊಳ್ಳುತ್ತದೆಯೆ? ಅದನ್ನು ನೋಡುವುದಕ್ಕೇ ನನಗೆ ಸಂಬಳ.

ಅವ್ವ ಇದನ್ನೇ ಕೂಲಿಗೆ ಮಾಡುತ್ತಿದ್ದಳು. ಊರವರೆಲ್ಲ ಜೋಳವನ್ನು ಚೀಲದಲ್ಲಿಡಲು ಶುರುಮಾಡಿದ್ದರೂ ನಮ್ಮ ಗೌಡರು ಹಗೇವು ಬಿಟ್ಟಿರಲಿಲ್ಲ. ಹಗೇವೆಂದರೆ ನೆಲದೊಳಗಿನ ಕಣಜ. ಅದರ ಬಾಯಿ ಮುಚ್ಚಲು ಅವ್ವನೇ ಬೇಕು. ಬಾಯಿಗೆ ಹಾಸಿದ ಚಪ್ಪಡಿಯ ಮೇಲೆ ಒಣ ಎರೆಮಣ್ಣಿನ ಪುಡಿ ಸುರಿದು, ಮರದ ಕೊರಡಿನಿಂದ ಪದರ ಪದರವಾಗಿ ಬಡಿಯುವಳು. ಹನಿ ನೀರು ಸೋಕಿಸುತ್ತಿರಲಿಲ್ಲ. “ಮಳಿ ಬಂದು ತಾನೇ ಹಸಿ ಮಾಡ್ತದ. ನಿನಗ್ಯಾಕ ಅವಸರ ಬೇ?” ಎನ್ನುತ್ತಿದ್ದಳು. ಗೌಡರ ಅಂಗಳದಲ್ಲಿ ಬೇರೆ ದಿನ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಆ ಒಂದು ದಿನ ಮಾತ್ರ ಅವಳು ಹೇಳಿದಂತೆ ಗೌಡರೂ ಕೇಳುತ್ತಿದ್ದರು.

ಇಪ್ಪತ್ತು ವರ್ಷದ ಹಿಂದೆ ನಾನು ಡಿಪ್ಲೊಮಾ ಓದುತ್ತಿದ್ದೆ. ಮಣ್ಣಿನ ಬಗ್ಗೆ ಒಂದು ಪಾಠ ಮುಗಿಸಿ, ಎಲ್ಲ ತಿಳಿದವಳಂತೆ ರಜೆಗೆ ಊರಿಗೆ ಬಂದಿದ್ದೆ. ಹಗೇವು ಮುಚ್ಚುತ್ತಿದ್ದ ಅವ್ವ ಅರ್ಧ ಕೆಲಸ ಬಿಟ್ಟು ಉಣ್ಣಲು ಹೋದಳು. ಗಾಳಿಗೆ ಹಾರುವ ಪುಡಿ ಏನು ತಡೆದೀತು ಎಂದು ನಾನು ಎರಡು ಕೊಡ ನೀರು ಹಾಕಿ ಕಲಸಿ, ಚಪ್ಪಡಿಯ ಅಂಚಿನ ಸಂದಿಗೆಲ್ಲ ಬೆರಳಿನಿಂದ ಒತ್ತಿ ಮೆತ್ತಿದೆ. ಅವಳು ಬೈದಾಳೆಂದು ಮೇಲೆ ಒಣ ಪುಡಿ ಉದುರಿಸಿದೆ. ಉಂಡು ಬಂದ ಅವ್ವ ಏನೂ ಅರಿಯದೆ ಅದರ ಮೇಲೇ ಮಿಕ್ಕ ಪದರ ಹಾಕಿ ಮುಗಿಸಿದಳು. ಬುದ್ಧಿವಂತೆ, ನೋಡಿ.

ಬಿಸಿಲಿಗೆ ಒಳಗಿನ ಕೆಸರು ಬಿರಿಯಿತು. ಮಳೆ ಬಿದ್ದಾಗ ಮಣ್ಣು ಉಬ್ಬುವ ಮೊದಲೇ ನೀರು ಬಿರುಕಿನಲ್ಲಿ ಇಳಿಯಿತು. ಮಳೆಗಾಲ ಕಳೆದು ಬಾಯಿ ತೆರೆದ ದಿನ ನಾನೂ ಊರಲ್ಲಿದ್ದೆ. ಮೇಲಿನ ಜೋಳ ಕಪ್ಪಾಗಿ ನಾರುತ್ತಿತ್ತು.

“ಏನ್ ಬೇ ಇದು, ಹಿಂಗ್ಯಾಕ ಆತು?” ಎಂದರು ಗೌಡರು.

“ನಂದೇ ಕೈ ತಪ್ಪ್ಯಾದ್ರಿ ಗೌಡ್ರ,” ಎಂದಳು ಅವ್ವ.

ನಾನು ಬಾಯಿ ಬಿಡಲಿಲ್ಲ. ಗೌಡರು ಆ ಹಗೇವು ಹೂಳಿಸಿದರು. ಅವ್ವನನ್ನು ಮತ್ತೆ ಯಾರೂ ಆ ಕೆಲಸಕ್ಕೆ ಕರೆಯಲಿಲ್ಲ. ಅಲ್ಲಿ ಹಾದುಹೋಗುವಾಗ ಅವಳು ಸೆರಗು ಸರಿಮಾಡುವ ನೆವದಲ್ಲಿ ಮುಖ ಆಚೆ ತಿರುಗಿಸುತ್ತಿದ್ದಳು. ಅದನ್ನು ಕಂಡಾಗಲೆಲ್ಲ ನಾಚಿಕೆಯಿಂದ ಸಾಯುವಂತಾಗುತ್ತಿತ್ತು, ಆದರೂ ಹೇಳಲಾಗಲಿಲ್ಲ.

ಮೊನ್ನೆ ಮಣ್ಣು ಮೂಸಿದ ಕೈಯಲ್ಲೇ ಫೋನ್ ಮಾಡಿದೆ. ಅವ್ವ ಈಗ ಅಫಜಲಪುರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ.

“ಅವ್ವಾ, ಆ ವರ್ಷ ಹಗೇವಿಗೆ ನೀರು ಹಾಕಿದಾಕಿ ನಾನು.”

“ಗೊತ್ತದ ನನಗ,” ಎಂದಳು. “ಬಾಯಿ ತೆಗಿಲಾಕ ಮಣ್ಣಿನ ಹೆಂಟಿ ಎಬ್ಬಿಸಿದಾಗೇ ಕಂಡೆ. ಒಣ ಪುಡಿಯಾಗ ಬೆರಳು ಮೂಡ್ತಾವೇನು? ನಿನ್ನ ಸಣ್ಣ ಬೆರಳು ಒಣಗಿ ಹಂಗೇ ಕುಂತಿದ್ದವು. ಗೌಡ್ರು ಬರೂದ್ರಾಗ ಕಾಲಿಲೆ ತುಳದು ಪುಡಿ ಮಾಡಿದೆ.”

“ಮತ್ತ ನನಗ್ಯಾಕ ಕೇಳಲಿಲ್ಲ?”

“ನೀನೇ ಹೇಳ್ತಿ ಅಂತ ಕಾದೆ.”

ಗೌಡರಿಗೂ ಹೇಳುತ್ತೇನೆ ಎಂದೆ. ಈಗ್ಯಾಕೆ ಬಿಡು ಅನ್ನುತ್ತಾಳೆ ಎಂದೇ ನಾನು ಎಣಿಸಿದ್ದೆ.

“ಹೇಳು,” ಎಂದಳು ಅವ್ವ. “ನಾನೂ ಬರ್ತೇನಿ. ನನ್ನ ಎದುರಿಗೇ ಹೇಳು.”

ಫೋನ್ ಇಟ್ಟಾಗ ಬೆರಳ ತುದಿಯ ಮಣ್ಣು ಒಣಗಿ ಬಿರಿದಿತ್ತು. ಕೈ ತೊಳೆದುಕೊಂಡು ರಜೆಯ ಅರ್ಜಿ ಬರೆದೆ. ಮೊದಲು ಅಫಜಲಪುರ, ಅಲ್ಲಿಂದ ಅವ್ವನ ಜೊತೆ ಮಟಕಿ.